ಕಣ್ಣಾರೆ ಕಂಡಿರುತ್ತೇವೆ

ಜೂನ್ ೩, ಬೆಳಿಗ್ಗೆ ೯

೧. ಬರೆಯುವವನು: ಅರ್ಜಿ ಬರಹಗಾರ, ವಯಸ್ಸು ಎಪ್ಪತ್ತಮೂರು, ಕೈ ಇನ್ನೂ ನಡುಗಿರುವುದಿಲ್ಲ.
೨. ಜೊತೆಯಲ್ಲಿ ವಾಸ: ಮಗಳು. ಮುಖ್ಯರಸ್ತೆಯ ಸೂಪರ್ ಮಾರ್ಕೆಟ್ ಶಾಖೆಯ ಮ್ಯಾನೇಜರ್.
೩. ವಿಷಯ: ಸದರಿ ಅಂಗಡಿಯವರು ಬಾಗಿಲಲ್ಲಿ ಹಸಿರು ಪೆಟ್ಟಿಗೆಯಿಟ್ಟು ಜನರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುತ್ತಿರುವುದು, ಬೀದಿಯವರ ಪರವಾಗಿ ನಾನು ಬರೆದುಕೊಟ್ಟ ಮೆಚ್ಚುಗೆ ಪತ್ರ ಗಾಜು ಹಾಕಿಸಿಕೊಂಡು ಗೋಡೆಯೇರಿರುವುದು.

ಹೋಗಿ ನೋಡಿ ಬಂದೆ. "ಸದರಿ ಬ್ಯಾಟರಿಗಳನ್ನು ಸುರಕ್ಷಿತವಾಗಿ ಮರುಬಳಕೆ ಕಾರ್ಖಾನೆಗೆ ಸಾಗಿಸುತ್ತಿರುವುದನ್ನು ಕಣ್ಣಾರೆ ಕಂಡಿರುತ್ತೇವೆ." ಅಕ್ಷರಗಳು ಮುತ್ತು ಪೋಣಿಸಿದಂತಿವೆ. ಬಾಗಿಲ ಸೆಕ್ಯೂರಿಟಿಯವನು ನಕ್ಕ. "ಯಜಮಾನ್ರೇ, ನಿಮ್ಮ ಕಣ್ಣು ಭಾರಿ ದೂರ ನೋಡುತ್ತೆ ಬಿಡಿ." ಹೊಗಳಿಕೆ ಎಂದುಕೊಂಡೆ.

ಜೂನ್ ೫

ಹೊಗಳಿಕೆಯಲ್ಲ. ಅಂಗಡಿಯ ಹಿಂದಿನ ತಗ್ಗಿನಲ್ಲಿ ಬ್ಯಾಟರಿಗಳ ರಾಶಿ. ಒಡೆದು, ಕಪ್ಪಗೆ ಸೋರಿ... ಹತ್ತು ಹೆಜ್ಜೆಯಾಚೆ ಬೀದಿಯವರೆಲ್ಲ ಕುಡಿಯುವ ಬೋರ್‌ವೆಲ್.

"ಕಣ್ಣಾರೆ ಕಂಡಿರುತ್ತೇವೆ" — ನಲವತ್ತು ವರ್ಷ ಪ್ರತಿ ಅರ್ಜಿಗೂ ಸೇರಿಸಿದ ಸಾಲು. ಅದಿಲ್ಲದೆ ಅರ್ಜಿಗೆ ತೂಕವಿಲ್ಲ ಎಂದು ನಂಬಿದ್ದೆ. ಕಂಡವರು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಜೂನ್ ೬, ಊಟದ ಹೊತ್ತು

ಮಗಳನ್ನು ಕೇಳಿದೆ.

"ಬ್ಯಾಟರಿ ಒಯ್ಯೋ ಲಾರಿ ಬರೋದು ನಿಂತು ಎಂಟು ತಿಂಗಳಾಯ್ತಪ್ಪಾ. ಹೆಡ್ ಆಫೀಸಿಗೆ ಹೇಳಿದ್ರೆ, ಪೆಟ್ಟಿಗೆ ಮಾತ್ರ ತೆಗೀಬೇಡ ಅಂದ್ರು. ತುಂಬಿದಾಗೆಲ್ಲ ಹಿಂದೆ ಸುರಿಸಿಬಿಟ್ಟೆ."

"ನನಗೇಕೆ ಹೇಳಲಿಲ್ಲ?"

"ನೀವು ಕೇಳಿದ್ರಾ? ಬರೆದ್ರಿ, ನನ್ನಿಂದ ಮೂರು ಸಲ ಓದಿಸ್ಕೊಂಡು ತಲೆದೂಗಿದ್ರಿ."

ಪತ್ರ ಹಿಂದಕ್ಕೆ ಪಡೆಯುತ್ತೇನೆ ಎಂದೆ. ತಟ್ಟೆ ಸರಿಸಿದಳು.

"ಸೋಮವಾರ ಪರಿಸರ ಇಲಾಖೆಯವರು ಬರ್ತಾರೆ. ಅವರಿಗೆ ತೋರಿಸೋದೇ ನಿಮ್ಮ ಪತ್ರ. ನೀವು ಇಲ್ಲ ಅಂದ್ರೆ ಹೆಡ್ ಆಫೀಸಿನೋರು ಕೈ ತೊಳ್ಕೋತಾರೆ. ಕೆಲಸ ಹೋಗೋದು ನಂದು."

ಜೂನ್ ೯

ಮಗಳ ಸುದ್ದಿಯೇ ಬಾರದಂತೆ ಇಲಾಖೆಗೆ ಒಂದು ಕರಡು ರಚಿಸಿದೆ. ಓದಿದರೆ ಬ್ಯಾಟರಿಗಳು ತಾವಾಗಿಯೇ ನಡೆದು ತಗ್ಗಿಗೆ ಹೋದಂತಿತ್ತು. ಹರಿದೆ.

ಜೂನ್ ೧೦, ಸೋಮವಾರ, ಬೆಳಿಗ್ಗೆ ೬

ಮತ್ತೆ ಬರೆಯುತ್ತಿದ್ದೆ. ಮಗಳು ಬಂದು ಎದುರು ಕುಳಿತಳು. "ಪತ್ರ ಎಲ್ಲಿಗೆ ಬಂತು?"

"ಸುರಿಸಿದವರು ಯಾರು ಎಂಬಲ್ಲಿಗೆ."

ಕೈ ಚಾಚಿದಳು. "ಅದನ್ನ ನೀವು ಬರೀಬೇಡಿ. ಪೆನ್ ಕೊಡಿ ಇಲ್ಲಿ."

ಬೇರೆ ಹಾಳೆ ಎಳೆದುಕೊಂಡಳು. ಗೀಚು ಅಕ್ಷರ. ಎರಡು ಕಡೆ ವಾಕ್ಯ ಕುಂಟಿತು; ಬಾಯಿ ಬಿಗಿಹಿಡಿದೆ. ಎಂಟು ತಿಂಗಳನ್ನೂ ಬರೆದಳು. ಹೆಡ್ ಆಫೀಸಿನ ಮಾತನ್ನೂ ಬರೆದಳು.

ಪೆನ್ನು ಹಿಂದಕ್ಕೆ ಬಂತು. ನನ್ನದರ ನಕಲು ಇಲ್ಲಿ:

ಪರಿಸರ ಇಲಾಖೆಯ ಅಧಿಕಾರಿಗಳಲ್ಲಿ ಅರಿಕೆ. ಹಿಂದಿನ ಪತ್ರದಲ್ಲಿ ಕಂಡಿರುವುದಾಗಿ ಬರೆದದ್ದು ಕಾಣದೆ ಬರೆದದ್ದು. ಈಗ ಕಂಡದ್ದೇನೆಂದರೆ — ಅಂಗಡಿಯ ಹಿಂದಿನ ತಗ್ಗಿನಲ್ಲಿ ಒಡೆದು ಸೋರುವ ಬ್ಯಾಟರಿಗಳ ರಾಶಿ, ಹತ್ತು ಹೆಜ್ಜೆಯಾಚೆ ಬೀದಿಯ ಬೋರ್‌ವೆಲ್.

ಸಹಿ: ಅರ್ಜಿ ಬರಹಗಾರ
ಲಗತ್ತು: ಶಾಖಾ ಮ್ಯಾನೇಜರ್ ಅವರ ಹೇಳಿಕೆ, ಪುಟ ಒಂದು. ನಾನು ತಿದ್ದಿರುವುದಿಲ್ಲ.