ಚೆಟ್ಟಳ್ಳಿ ರಸ್ತೆಯ ನಾತ

ಸುಂಟಿಕೊಪ್ಪ
೨೭ ಜನವರಿ ೨೦೨೬, ಮಂಗಳವಾರ

ಚಿ. ತೇಜಸ್ವಿನಿಗೆ,

ಅಮ್ಮನ ಆಶೀರ್ವಾದ. ನೀನು ಹೊಸ ವರ್ಷಕ್ಕೆ ಕಳಿಸಿದ ಸ್ವೆಟರು ಬಂದು ಮೂರು ವಾರ ದಾಟಿತು. ಅಳತೆ ಸರಿಯಾಗಿದೆ, ಬಣ್ಣ ಮಾತ್ರ ನನ್ನ ವಯಸ್ಸಿಗೆ ಸ್ವಲ್ಪ ಜಾಸ್ತಿಯಾಯಿತು. ಆದರೂ ದಿನಾ ಹಾಕಿಕೊಳ್ಳುತ್ತಿದ್ದೇನೆ, ಈ ಸಲದ ಚಳಿ ಹಾಗಿದೆ. ಅದರೊಳಗೆ ನೀನಿಟ್ಟ ಚೀಟಿಗೆ ಇಷ್ಟು ದಿನ ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು. 'ಅಮ್ಮ, ನಿಜವಾಗಿ ಹೇಗಿದ್ದೀಯ?' ಅಂತ ಒಂದೇ ಸಾಲು ಬರೆದಿದ್ದೆ. ಒಂದು ಸಾಲಿನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇದ್ದಿದ್ದರೆ ಅವತ್ತೇ ಬರೆಯುತ್ತಿದ್ದೆ. ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು 'ಊಟ ಆಯ್ತಾ, ಮಾತ್ರೆ ತಗೊಂಡ್ಯಾ' ಅಂತ ಕೇಳಿ, ವಾರ್ಡಿಗೆ ಓಡಿಬಿಡುತ್ತೀ. ಮಂಗಳೂರಿನ ಆಸ್ಪತ್ರೆಯ ಕಾಯಿಲೆಯವರೆಲ್ಲ ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿರುತ್ತಾರೋ ಏನೋ.

ಮೊದಲು ಊರಿನ ಸುದ್ದಿ. ಕಾಫಿ ಪಿಕಿಂಗ್ ಜೋರಾಗಿದೆ, ಕೂಲಿಯವರ ಲೈನ್ ಮನೆಗಳಲ್ಲಿ ಬೆಳಗಾಗುವ ಮೊದಲೇ ಒಲೆ ಉರಿಯುತ್ತದೆ. ನಮ್ಮ ಮೆಸ್ಸಿಗೆ ಬೆಳಿಗ್ಗೆ ಬಸ್ಸಿನವರು, ಮಧ್ಯಾಹ್ನ ಎಸ್ಟೇಟಿನವರು, ಶನಿವಾರ ಭಾನುವಾರ ಬಂದರೆ ಬೈಕಿನವರು. ಮಡಿಕೇರಿಗೆ ಹೋಗುವ ಈ ಬೈಕಿನ ಮಕ್ಕಳು ಎಲ್ಲಿಂದಲೋ ನಮ್ಮ ಅಕ್ಕಿ ರೊಟ್ಟಿಯ ಸುದ್ದಿ ಹಿಡಿದುಕೊಂಡು ಬರುತ್ತಾರೆ. ಅವರನ್ನು ಕಂಡರೆ ನನಗೆ ನಿಮ್ಮಪ್ಪನ ನೆನಪು. ಒಗ್ಗರಣೆ ಸದ್ದು ಕೇಳಿದ ಕಡೆ ಬ್ರೇಕು ಹಾಕುತ್ತಿದ್ದ ಮನುಷ್ಯ ಅವರು. ಯಾರ ಮನೆಯಂತಲೂ ನೋಡದೆ ಒಳಗೆ ಹೋಗಿ ಉಂಡು, ಬಂದು ನನಗೆ ಅಡುಗೆಯ ಕ್ರಮ ಹೇಳುತ್ತಿದ್ದರು. ಹೇಳಿದ್ದರಲ್ಲಿ ಅರ್ಧ ತಪ್ಪು ಇರುತ್ತಿತ್ತು.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಹೆದರಬೇಡ, ಓದು. ನಿಮ್ಮಪ್ಪನನ್ನು ಕರೆದುಕೊಂಡು ಹೋದ ಆ ಜ್ವರ, ಹೋಗುವಾಗ ನನ್ನ ಮೂಗನ್ನೂ ಕೊಂಡೊಯ್ದಿತ್ತು. ನಾಲ್ಕೂಮುಕ್ಕಾಲು ವರ್ಷದಿಂದ ನನಗೆ ಯಾವ ವಾಸನೆಯೂ ಇಲ್ಲ ಮಗಳೇ. ಮಲ್ಲಿಗೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತದೆ. ಮಿಕ್ಕ ರುಚಿಯೆಲ್ಲ ಮೂಗಿನ ಕೆಲಸ ಅಂತ ನನಗೆ ಗೊತ್ತಾದದ್ದೇ ಅದು ಹೋದ ಮೇಲೆ. ಯಾರಿಗೂ ಹೇಳಲಿಲ್ಲ. ಅಡುಗೆಯವಳಿಗೆ ಮೂಗಿಲ್ಲ ಅಂದರೆ ಯಾರು ಉಣ್ಣಲು ಬರುತ್ತಾರೆ? ಅಳತೆಯ ಲೋಟ, ಚಮಚ ಗೊತ್ತುಮಾಡಿಕೊಂಡು, ಗಡಿಯಾರ ನೋಡಿಕೊಂಡು, ಸಾಸಿವೆ ಸಿಡಿಯುವುದನ್ನು ಕೇಳಿಸಿಕೊಂಡು ಅಡುಗೆ ಮಾಡಿದೆ. ಇಂಗಾದರೂ ಒಂದು ದಿನ ಮೂಗಿಗೆ ಬಡಿದೀತು ಎಂಬ ಆಸೆಯಿಂದ ಪ್ರತಿ ಸಾರಿಗೂ ಒಂದು ಚಿಟಿಕೆ ಹೆಚ್ಚು ಹಾಕಿದೆ. ಹೊಟ್ಟೆಪಾಡಿನ ಕೆಲಸ ಹೇಗೋ ನಡೆಯಿತು, ಆದರೆ ಅಡುಗೆಮನೆಗೆ ಹೋಗುವ ಖುಷಿ ಹೊರಟುಹೋಗಿತ್ತು. ನಾನು ಮಾಡಿದ್ದು ನನಗೇ ಬೇಡವಾಗಿತ್ತು.

ಗುಟ್ಟು ರಟ್ಟಾದದ್ದು ದೀಪಾವಳಿ ಕಳೆದ ಮೇಲಿನ ಭಾನುವಾರ. ಹುಬ್ಬಳ್ಳಿ ಕಡೆಯ ಎಂಟು ಜನ ಬೈಕಿನವರು ಬಂದಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದೆ, ಹಿಂದಿನ ಒಲೆಯ ಮೇಲೆ ಬೇಳೆ ತಳ ಹಿಡಿದು ಕರಕಲಾಗುತ್ತಿತ್ತು. ಗೊತ್ತಾಗದೆ ಅದನ್ನೇ ಒಗ್ಗರಿಸಿ ಬಡಿಸಿದೆ. ಪಾಪ, ಒಳ್ಳೆಯ ಮನೆಯ ಮಕ್ಕಳು. ಅವರಲ್ಲೊಬ್ಬ, "ಅಮ್ಮಾರ, ಈ ಸುಟ್ಟ ವಾಸ್ನಿ ಹೆಂಗ ಬರಸ್ತೀರಿ? ನಮ್ಮ ಕಡೆ ಹಿಂಗ ಮಾಡೂದಿಲ್ರೀ," ಅಂದ. ನಾನು ಏನೋ ಹೊಗಳಿದನೆಂದು ಬೀಗಿ, "ಹಳೇ ಕಾಲದ ಪದ್ಧತಿ ಕಣಪ್ಪ, ತಾಳ್ಮೆ ಬೇಕು," ಅಂದೆ. ಅಷ್ಟರಲ್ಲಿ ತುಳಸಿ ಒಳಗೆ ಬಂದಳು. ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ಕೂಲಿಯವರ ಹಾಜರಿ ಬರೆಯುವ ರೈಟರ್, ದಿನಾ ನಮ್ಮಲ್ಲೇ ಊಟ, ನಿನಗೂ ಗೆಳತಿಯಾದವಳು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತು, "ಅಕ್ಕ, ಮನೆ ತುಂಬ ಕರಕಲು ವಾಸನೆ ಉಂಟು. ನಿಮ್ಗೆ ಗೊತ್ತಾಗ್ತಾ ಇಲ್ವಾ?" ಅಂದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಎಲ್ಲರೂ ಹೋದ ಮೇಲೆ ಅವಳು ನನ್ನನ್ನು ಕೂರಿಸಿಕೊಂಡು ಕೇಳಿದಳು, ನಾನು ಅತ್ತುಬಿಟ್ಟೆ.

ಮಾರನೆಯ ದಿನವೇ ಅವಳು ನನ್ನನ್ನು ಕುಶಾಲನಗರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಲವಂಗ, ನಿಂಬೆಸಿಪ್ಪೆ, ಏಲಕ್ಕಿ, ನೀಲಗಿರಿ ಎಣ್ಣೆ, ಇವನ್ನು ದಿನಕ್ಕೆ ಎರಡು ಸಲ ಕಣ್ಣು ಮುಚ್ಚಿ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪಿಸಿಕೊಳ್ಳಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಬಂದರೆ ಬಂತು, ಬರದೆಯೂ ಇರಬಹುದು ಅಂದರು. ನಾಲ್ಕು ಡಬ್ಬಿ ಮುಂದಿಟ್ಟುಕೊಂಡು ಎರಡು ವಾರ ಮೂಸಿದೆ. ನೆನಪು ಬರುತ್ತಿತ್ತು, ವಾಸನೆ ಬರಲಿಲ್ಲ. ತುಳಸಿಗೆ ತಾಳ್ಮೆ ಕಡಿಮೆ. "ಡಬ್ಬಿ ಒಳಗೆ ಎಂಥ ಬರ್ತದೆ ಅಕ್ಕ? ನಡೀರಿ, ನಿಮ್ಗೆ ಇಡೀ ಕೊಡಗನ್ನೇ ಮೂಸಿಸ್ತೀನಿ," ಅಂದಳು. ಹಿತ್ತಿಲಲ್ಲಿ ಟಾರ್ಪಾಲಿನಡಿ ತುಕ್ಕು ಹಿಡಿಯುತ್ತಿದ್ದ ನಿಮ್ಮಪ್ಪನ ಬುಲೆಟ್ಟನ್ನು ಗ್ಯಾರೇಜಿಗೆ ತಳ್ಳಿಸಿ ಸರಿಮಾಡಿಸಿದಳು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ನೀನು ಬೇಡ ಅಂದರೆ ನಾನು ಹೊರಡುತ್ತಿರಲಿಲ್ಲ, ಅದಕ್ಕೆ.

ಐವತ್ತಾರು ವರ್ಷದ ಹೆಂಗಸು ಸೀರೆ ಎತ್ತಿ ಸಿಕ್ಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಬುಲೆಟ್ಟಿನ ಹಿಂದೆ ಕೂತರೆ ಸುಂಟಿಕೊಪ್ಪ ಸುಮ್ಮನಿರುತ್ತದೆಯೇ? ಮೊದಲ ಭಾನುವಾರ, ಮಧ್ಯಾಹ್ನದ ಊಟ ಬಡಿಸಿ ಮುಗಿಸಿ, ಬಸ್ ಸ್ಟ್ಯಾಂಡಿನ ಮುಂದೆ ಹೋಗುವಾಗ ನಾನು ತುಳಸಿಯ ಬೆನ್ನಿಗೆ ಮುಖ ಒತ್ತಿಕೊಂಡಿದ್ದೆ. ಮೂರನೆಯ ಭಾನುವಾರ ಎಲ್ಲರಿಗೂ ಕೈ ಬೀಸಿದೆ. ಕಾರು ಬಸ್ಸಿನಲ್ಲಿ ಊರು ಕಿಟಕಿಯಾಚೆ ಹಾದುಹೋಗುತ್ತದೆ. ಬೈಕಿನಲ್ಲಿ ಹಾಗಲ್ಲ, ತಗ್ಗಿನ ತಂಪು, ಕಣದ ಧೂಳು ಎಲ್ಲ ಮೈಮೇಲೆಯೇ ಬರುತ್ತದೆ. ನಿಮ್ಮಪ್ಪ ಸುಮ್ಮಸುಮ್ಮನೆ ತಿರುಗುತ್ತಾರೆಂದು ಎಷ್ಟು ಬೈದಿದ್ದೆ! ಈಗ ಬೈದದ್ದಕ್ಕೆ ನಾಚಿಕೆಯಾಗುತ್ತದೆ.

ಸೋಮವಾರಪೇಟೆಯಲ್ಲಿ ಮರುಳಸಿದ್ದಪ್ಪ ಮಾವ ಏಲಕ್ಕಿ ಒಣಗಿಸುವ ಮನೆಯ ಬಾಗಿಲು ತೆಗೆದು ನನ್ನನ್ನು ಒಳಗೆ ನಿಲ್ಲಿಸಿದರು. ಬೆವರಿದ್ದೇ ಬಂತು. ಅತ್ತೆ ಮಾತ್ರ ಬಿಡಲಿಲ್ಲ, ಕಾಳುಮೆಣಸಿನ ಹಸಿ ಗೊಂಚಲು ಹಾಕಿ ಉಪ್ಪಿನಕಾಯಿ ಮಾಡುವುದನ್ನು ಕಲಿಸಿ ಕಳಿಸಿದರು. ಇನ್ನೊಂದು ಭಾನುವಾರ ತುಳಸಿಯ ತಾಯಿ ಚೋಮಿಯ ಮನೆಗೆ ಹೋದೆವು, ಚೆಟ್ಟಳ್ಳಿ ಲೈನಿಗೆ. ಆಕೆ ಕೆಂಡದ ಮೇಲೆ ಒಣಮೀನು ಸುಡುತ್ತಿದ್ದವರು ನನ್ನನ್ನು ಕಂಡು ಗಾಬರಿಯಾದರು. "ಅಯ್ಯೋ, ನೀವು ತಿನ್ನದವರು. ಈ ವಾಸನೆ ನಿಮ್ಗೆ ಆಗೂದಿಲ್ಲ. ತಡೀರಿ, ಆಚೆ ಇಡ್ತೇನೆ," ಅಂದರು. "ಸುಡಿ ಚೋಮಕ್ಕ, ಅದಕ್ಕೇ ಬಂದದ್ದು," ಅಂದೆ. ಏಳು ತಲೆಮಾರು ಮೀನಿನ ಮುಖ ನೋಡದ ಮನೆಯವಳು ಆ ಒಲೆಯ ಮುಂದೆ ಕೂತು, ಎಳೆದೆಳೆದು ಉಸಿರು ತೆಗೆದುಕೊಂಡೆ. ಶಿವ ಶಿವಾ, ಅದೂ ಇಲ್ಲ! ಚೋಮಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನನಗೆಂದೇ ಬೇರೆ ಪಾತ್ರೆ ಬೆಳಗಿ ತೊಳೆದು, ಅಕ್ಕಿ ತರಿಯ ಕಡುಬು ಮಾಡಿ ಕೊಟ್ಟರು. ಹಬೆಯ ಪಾತ್ರೆಯ ಮುಚ್ಚಳದ ಸದ್ದಿನಲ್ಲೇ ಬೆಂದದ್ದು ಹೇಳುತ್ತಾರೆ ಆಕೆ. ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಹೀಗೆ ಒಂಬತ್ತು ಭಾನುವಾರ ಕಳೆಯಿತು. ಒಂಬತ್ತು ಮನೆಯ ಅಡುಗೆ ಕಲಿತೆ, ಮೂಗು ಮಾತ್ರ ಮಿಸುಕಲಿಲ್ಲ. ಮೊನ್ನೆ, ಹತ್ತನೆಯ ಭಾನುವಾರ, ಮನಸ್ಸಿನಲ್ಲೇ ಇದು ಕೊನೆಯದು ಅಂದುಕೊಂಡು ಕೂತಿದ್ದೆ. ಮೆಸ್ಸನ್ನೂ ಮಾರ್ಚಿಗೆ ಮುಚ್ಚುವುದೆಂದು ತೀರ್ಮಾನಿಸಿದ್ದೆ. ಗೊತ್ತಿಲ್ಲದೆ ಜನರಿಗೆ ಹಾಳಾದದ್ದನ್ನು ಉಣಿಸಿ ಪಾಪ ಕಟ್ಟಿಕೊಳ್ಳುವುದು ಬೇಡ ಅನ್ನಿಸಿತ್ತು. ಚೆಟ್ಟಳ್ಳಿಯಿಂದ ವಾಪಸು ಬರುವಾಗ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಲ್ಪ್ ನೀರನ್ನು ಯಾರೋ ರಸ್ತೆಬದಿಯ ಚರಂಡಿಗೆ ಬಿಟ್ಟಿದ್ದರು. ಆ ಕೊಳೆತ ನೀರಿನ ನಾತ ನಿನಗೆ ಗೊತ್ತೇ ಇದೆ, ಚಿಕ್ಕವಳಿದ್ದಾಗ ನೀನು ಶಾಲೆಯ ಬಸ್ಸಿನಲ್ಲಿ ಅದಕ್ಕೇ ವಾಂತಿ ಮಾಡಿಕೊಳ್ಳುತ್ತಿದ್ದೆ. ತುಳಸಿ 'ಥೂ' ಅಂದು ಗಾಡಿ ಜೋರು ಮಾಡಿದಳು. ನನ್ನ ಮೂಗಿನ ಬುಡದಲ್ಲಿ ಏನೋ ಚುಚ್ಚಿದ ಹಾಗಾಯಿತು.

"ನಿಲ್ಸೇ! ತುಳಸಿ, ನಿಲ್ಸೇ!" ಅಂತ ಅವಳ ಬೆನ್ನಿಗೆ ಗುದ್ದಿದೆ.

ನನ್ನ ಸೀರೆ ಚಕ್ರಕ್ಕೆ ಸಿಕ್ಕಿತೆಂದು ಹೆದರಿ ಬ್ರೇಕು ಹಾಕಿದಳು. ನಾನು ಇಳಿದು, ಹೆಲ್ಮೆಟ್ ತೆಗೆದು, ಆ ಚರಂಡಿಯ ಅಂಚಿಗೆ ಹೋಗಿ ಬಗ್ಗಿ ನಿಂತೆ. ಹುಳಿ ಹುಳಿ, ಕೊಳೆತದ್ದು. ಎಷ್ಟು ಚೆನ್ನಾಗಿತ್ತು ಗೊತ್ತೇ ಮಗಳೇ!

"ಅಕ್ಕ, ಅದು ನಾತ ಅಕ್ಕ! ಬನ್ನಿ ಈಚೆ, ತಲೆ ತಿರುಗಿ ಬೀಳ್ತೀರ!"

"ನಾತ ಅಂತ ನಂಗೂ ಗೊತ್ತಾಗ್ತಿದೆ ಕಣೇ!" ಅಂದೆ.

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಪಿಕಿಂಗ್ ಮುಗಿಸಿ ಹೋಗುತ್ತಿದ್ದ ಒಂದು ಜೀಪಿನ ಹೆಂಗಸರು, ಗಬ್ಬುನಾತದ ಮೋರಿಯ ಪಕ್ಕ ಇಬ್ಬರು ಅಳುತ್ತಾ ನಗುತ್ತಾ ನಿಂತದ್ದನ್ನು ಕತ್ತು ಹೊರಳಿಸಿ ಹೊರಳಿಸಿ ನೋಡಿದರು. ನಾತ ಒಂದೆರಡು ನಿಮಿಷ ಇದ್ದು ಹೊರಟುಹೋಯಿತು. ಇವತ್ತು ಬೆಳಿಗ್ಗೆ ಬೆಳ್ಳುಳ್ಳಿ ಜಜ್ಜುವಾಗ ಮತ್ತೆ ಸ್ವಲ್ಪ, ದೂರದ ಮನೆಯಿಂದ ಬಂದ ಹಾಗೆ. ಡಾಕ್ಟರಿಗೆ ಫೋನು ಮಾಡಿದೆ. ಒಳ್ಳೆಯ ಲಕ್ಷಣ, ಬಿಡದೆ ಮೂಸಿ ಅಂದರು.

ಮೆಸ್ಸು ಮುಚ್ಚುವ ಮಾತು ಬಿಟ್ಟಿದ್ದೇನೆ. ನಿನ್ನೆ ಊಟಕ್ಕೆ ಬಂದವರಿಗೆಲ್ಲ ನಿಜ ಹೇಳಿದೆ: ನನಗೆ ಮೂಗಿಲ್ಲ, ಈಗ ಬರುತ್ತಾ ಇದೆ, ಅಡುಗೆ ಕೆಟ್ಟರೆ ಬಾಯಿಬಿಟ್ಟು ಹೇಳಿ. ಬಸ್ ಡ್ರೈವರ್ ಕುಟ್ಟಪ್ಪ ತಟ್ಟೆಯಿಂದ ತಲೆ ಎತ್ತಿ, "ಅಬ್ಬ! ನಾಲ್ಕು ವರ್ಷದಿಂದ ಸಾರಲ್ಲಿ ಇಂಗೋ ಇಂಗು. ನಾನು ಎಣಿಸಿದೆ, ನಿಮ್ಮ ಜಾತಿಯವರ ಕ್ರಮ ಇರ್ಬೇಕು ಅಂತ!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬರೂ ಊಟ ಬಿಟ್ಟು ಏಳಲಿಲ್ಲ. ಇನ್ನು ಮೇಲೆ ಬಡಿಸುವ ಮೊದಲು ತುಳಸಿ ಮೂಸಿ ನೋಡಿ ತಲೆಯಾಡಿಸಬೇಕು ಅಂತ ಮಾತಾಗಿದೆ.

ಕಾಫಿ ಹೂ ಬಿಡಲು ಇನ್ನು ಹೆಚ್ಚು ದಿನವಿಲ್ಲ. ಆಗ ಬುಲೆಟ್ಟಿನಲ್ಲಿ ಚೆಟ್ಟಳ್ಳಿ ಕಡೆ ಹೋಗಬೇಕೆಂದಿದ್ದೇನೆ. ನೀನು ಬಂದರೆ ತುಳಸಿ ತನ್ನ ಜಾಗ ಬಿಟ್ಟುಕೊಡುತ್ತಾಳಂತೆ. ನಿನಗೆ ಗಾಡಿ ಕಲಿಸಿದ್ದು ಯಾರೆಂದು ನನಗೆ ಗೊತ್ತಿಲ್ಲವೆಂದು ಅಪ್ಪ ಮಗಳು ಇಬ್ಬರೂ ತಿಳಿದಿದ್ದಿರಿ!

ಹೊತ್ತು ಹೊತ್ತಿಗೆ ಉಣ್ಣು. ಕಾಲಿಗೆ ಒಳ್ಳೆಯ ಚಪ್ಪಲಿ ತೆಗೆದುಕೋ, ದಿನವಿಡೀ ನಿಲ್ಲುವ ಕೆಲಸ ನಿನ್ನದು. ಶಿವ ನಿನ್ನ ಕೈಗೆ ಗುಣ ಕೊಡಲಿ, ನೀನು ಮುಟ್ಟಿದವರೆಲ್ಲ ಎದ್ದು ಓಡಾಡಲಿ.

ಇಂತಿ ನಿನ್ನ ಅಮ್ಮ,
ಸರ್ವಮಂಗಳ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬೈಕಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಹಾಗಾಗಿ ಕಷ್ಟದ ಮಾತು ಸುಲಭವಾಗಿ ಬರುತ್ತದೆ. ಮೊನ್ನೆ ಆ ಚರಂಡಿ ದಾಟಿದ ಮೇಲೆ ತುಳಸಿ, ದೀಪಾವಳಿಗೆ ಬಂದಾಗ ನೀನು ಹೇಳಿದ್ದನ್ನು ನನಗೆ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ. 'ಮೈಸೂರಿನ ಹಾಸ್ಟೆಲಿನಿಂದ ಜ್ವರ ತಂದು ಅಪ್ಪನಿಗೆ ಅಂಟಿಸಿದವಳು ನಾನೇ, ಆ ಮನೆಯಲ್ಲಿ ರಾತ್ರಿ ಮಲಗಲು ನನಗೆ ಮುಖವಿಲ್ಲ' ಅಂದೆಯಂತೆ ನೀನು. ಅದಕ್ಕೇ ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಹೋಗಿಬಿಡುತ್ತೀಯಾ? ಜ್ವರ ಯಾರು ತಂದರೋ ದೇವರಿಗೇ ಗೊತ್ತು, ಅದೇ ವಾರ ಅಪ್ಪ ಎರಡು ಮದುವೆ ಊಟ ಉಂಡು ಬಂದಿದ್ದರು. ನಾನು ಹೇಳಬೇಕಾದದ್ದು ಬೇರೆ. ನೀನು ಜ್ವರದಲ್ಲಿ ರೂಮಿನೊಳಗಿದ್ದೆ. ದಿನಾ ಬೆಳಿಗ್ಗೆ ಬಾಗಿಲ ಹಿಂದಿನಿಂದ ಕೂಗಿ, 'ನಿಮ್ಗಿಬ್ರಿಗೂ ವಾಸನೆ ಗೊತ್ತಾಗ್ತಿದ್ಯಾ?' ಅಂತ ಕೇಳುತ್ತಿದ್ದೆ. ನನಗೆ ಸೋಮವಾರದಿಂದಲೇ ಗೊತ್ತಾಗುತ್ತಿರಲಿಲ್ಲ. ಅಪ್ಪ ಹೆದರುತ್ತಾರೆಂದು 'ಗೊತ್ತಾಗ್ತಿದೆ' ಅಂದೆ. ಅವರು ನನ್ನ ಬಸ್ಸಾರಿನ ತಟ್ಟೆಗೆ ಬಗ್ಗಿ, 'ಮಂಗಳಾ, ಏನು ಘಮ!' ಅಂದರು. ಅವರಿಗಾದರೂ ಸರಿ ಇದೆಯಲ್ಲ ಅಂತ ನಾನು ನೆಮ್ಮದಿಯಿಂದ ಇದ್ದೆ. ಗುರುವಾರ ಅವರಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ ಡಾಕ್ಟರು ಕೇಳಿದರೆ, 'ಭಾನುವಾರದಿಂದ ವಾಸನೆ ಇಲ್ಲ ಸಾರ್, ಇವಳು ಹೆದರ್ತಾಳೆ ಅಂತ ಹೇಳಲಿಲ್ಲ,' ಅಂದರು. ಸ್ವಲ್ಪ ಮೊದಲೇ ಬರಬೇಕಿತ್ತು ಅಂದರು ಡಾಕ್ಟರು. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ, ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನೀನು ಕೇಳಬೇಕಾದದ್ದನ್ನೇ ಕೇಳಿದ್ದೆ ಮಗಳೇ, ದಿನಾ ಕೇಳಿದ್ದೆ. ಸುಳ್ಳು ಹೇಳಿದವರು ನಾವಿಬ್ಬರು.