ಹೊಸಬೇಲೆಯ ಬೆಳ್ಳಿಗುಂಡು

ನೀರೇರಿದ ಮೇಲಿನ ನೂರ ಎಂಬತ್ತನೇ ವರ್ಷ, ಹದಿನಾಲ್ಕನೇ ತಿಂಗಳು, ಮೂವತ್ತೈದನೇ ತಾರೀಕು.

ಹೊಸಬೇಲೆಯ ದಡದಲ್ಲಿ ಫೋನ್ ಹಿಡಿದು ನಿಲ್ಲಲಿರುವ ನಿಶಾಂತನಿಗೆ,

ನಿನ್ನನ್ನು ಅಜ್ಜ ಎನ್ನಬೇಕೋ ತಮ್ಮ ಎನ್ನಬೇಕೋ ತಿಳಿಯದು. ವರ್ಷ ಎಣಿಸಿದರೆ ನೀನು ನನ್ನ ಮುತ್ತಜ್ಜನಿಗೂ ಹಿರಿಯ. ನಮ್ಮ ಮನೆಯಲ್ಲಿ ಉಳಿದಿರುವ ನಿನ್ನ ವಿಡಿಯೊದಲ್ಲಿ ಕೇಳುವ ದನಿಗೆ ಇನ್ನೂ ಮೀಸೆ ಬಲಿತಿಲ್ಲ. ತಮ್ಮ ಎಂದೇ ಕರೆಯುತ್ತೇನೆ. ತಾರೀಕು ಕಂಡು ನಗಬೇಡ, ನಾವು ಉಬ್ಬರ ಇಳಿತ ನೋಡಿ ತಿಂಗಳು ಎಣಿಸುವವರು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸು. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಬಿಡುವ ಕಾಗದ. ಒಬ್ಬೊಬ್ಬರಿಗೆ ಜನ್ಮದಲ್ಲಿ ಒಂದೇ. ತಲುಪಿದ್ದನ್ನು ಕಂಡವರು ಯಾರೂ ಇಲ್ಲ.

ನಿನ್ನ ಹೊಸಬೇಲೆ ಈಗ ನೀರಿನಡಿ. ನಾವಿರುವುದು ತೇಲುಕೇರಿಯಲ್ಲಿ. ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ಮನೆಗಳು, ಒಂದಕ್ಕೊಂದು ಹಗ್ಗ. ಬೆಳಗಾದರೆ ಬಾಗಿಲಿಗೆ ಏನಾದರೂ ತೇಲಿ ಬಂದಿರುತ್ತದೆ: ಕುರ್ಚಿ, ಕೊಡಪಾನ, ಯಾರದೋ ತೊಟ್ಟಿಲು. ಮುಟ್ಟುವ ಮೊದಲು ಗಟ್ಟಿಯಾಗಿ ಕೂಗಬೇಕು, "ಯಾರದ್ರೋ ಇದು?" ಇದಕ್ಕೆ ಯಾರಕೂಗು ಎನ್ನುತ್ತೇವೆ. ಒಲೆಯ ಮೇಲೆ ಗಂಜಿ ಉಕ್ಕುತ್ತಿದ್ದರೂ ಬಿಟ್ಟು ಬಂದು ಕೂಗಬೇಕು. ಅದೇನು ಎಂದು ಕೇಳುವುದೆಲ್ಲ ಆಮೇಲೆ. ಈ ಪದ್ಧತಿ ಶುರುವಾದದ್ದು ನಮ್ಮ ಮನೆಯಿಂದ, ನಿನ್ನ ವಿಡಿಯೊ ನೋಡಿ ನೋಡಿ.

ಬೆಳ್ಳಿಗುಂಡು ಎಂದು ಹೆಸರಿಟ್ಟವನು ನೀನೇ. ಮರಳ ಮೇಲೆ ಬೆಳ್ಳಿಹಾಳೆ ಸುತ್ತಿದ, ಕೆಂಪು ದೀಪ ಮಿಣುಕುವ ಗುಂಡನೆಯ ವಸ್ತು. ಮಧ್ಯಾಹ್ನದೊಳಗೆ ಊರಿಗೆ ಊರೇ ನೋಡಿತ್ತು. ಉಪಗ್ರಹ ಎಂದರು, ಬಾಂಬು ಎಂದರು, ಅನ್ಯಗ್ರಹದವರ ಮೊಟ್ಟೆ ಎಂದರು. ಫೋನಿಗೊಬ್ಬ ಪಂಡಿತ. ಪೊಲೀಸರು ಸುತ್ತ ಹಗ್ಗ ಕಟ್ಟಿ ಬಾಂಬಿನವರಿಗೆ ಕಾದರು.

ಅದು ಬಲೆ ತೇಲಿಸುವ ಥರ್ಮೊಕೋಲ್ ಗುಂಡು ಕಣೋ! ಬೊಮ್ಮಯ್ಯ ಹರಿಕಂತ್ರ ಎಂಬ ಮೀನುಗಾರ ಮಗುಚಿದ ದೋಣಿಯ ಬೆನ್ನಿಗೆ ಅಂಟಿಕೊಂಡು, ಬಲೆಯ ದೀಪ ಈ ಗುಂಡಿಗೆ ಬಿಗಿದು, ಐಸು ಮುಚ್ಚುವ ಹಾಳೆ ಸುತ್ತಿ, ಯಾರ ಕಣ್ಣಿಗಾದರೂ ಬೀಳಲಿ ಎಂದು ತೇಲಿಬಿಟ್ಟದ್ದು. ಅವನ ಊರಿನವರು ಅವನನ್ನು ತೆಂಕಿಗೆ ಹುಡುಕುತ್ತಿದ್ದರು, ನೀರು ಬಡಗಿಗೆ, ನಿಮ್ಮ ಹೊಸಬೇಲೆಯ ಕಡೆಗೆ, ಒಯ್ದಿತ್ತು. ಅದನ್ನು ಹೇಳಲು ಅವನ ಹತ್ತಿರ ಬೇರೇನೂ ಇರಲಿಲ್ಲ.

ಅವನ ಹೆಂಡತಿ ತುಳಸು ಪಕ್ಕದ ಮನೆಯ ಫೋನಿನಲ್ಲಿ ನಿನ್ನ ವಿಡಿಯೊ ಕಂಡಳು. ಗಂಡನ ಬಲೆಯ ಗುಂಡುಗಳಿಗೆ ತಮ್ಮ ಹಳೆ ಸೀರೆಯ ಚೂರು ಕಟ್ಟುವುದು ಆ ಕೇರಿಯ ಹೆಂಗಸರ ರೂಢಿ. ಹಾಳೆಯ ಸಂದಿಯಲ್ಲಿ ಅವಳಿಗೆ ತನ್ನ ಹಸಿರು ಅಂಚು ಕಂಡಿತು. ಸಿಕ್ಕ ರಿಕ್ಷಾ ಹತ್ತಿ ಓಡಿ ಬಂದಳು. ನಿನ್ನ ಎರಡನೇ ವಿಡಿಯೊದಲ್ಲಿ ಅವಳ ದನಿಯಿದೆ: "ತಮಾ, ಅದು ನಮ್ಮನೇದು. ಒಂದ್ಸಲ ತಿರ್ಗ್ಸಿ ನೋಡಾ, ನನ್ನ ಸೀರೆ ತುಂಡು ಅದೆ." ನಿನ್ನದೂ ಇದೆ: "ಅಕ್ಕಾ, ಬದಿಗೆ ಹೋಗಿ ಮಾರಾಯ್ರೆ, ಫ್ರೇಮಲ್ಲಿ ಬರ್ತೀರಿ."

ಜನ ನಕ್ಕರು. "ಅದು ನಮ್ಮನೇದು" ಎಂಬ ಅವಳ ಅಳುವಿಗೆ ತಾಳ ಸೇರಿಸಿ ತಮ್ಮ ತಮ್ಮ ವಿಡಿಯೊಗಳಲ್ಲಿ ಕುಣಿದರು. ಮರುದಿನ ಬಾಂಬಿನವರು ತಿರುಗಿಸಿದಾಗ ಹಸಿರು ಚೂರು ಸಿಕ್ಕಿತು. ಆಗ ದೋಣಿಗಳು ಬಡಗಿಗೆ ಹೋದವು. ಮಗುಚಿದ ದೋಣಿಗೆ ಅವನ ಅಂಗಿ ಕಟ್ಟಿತ್ತು, ಅವನಿರಲಿಲ್ಲ. ಆ ಬೆಳಗಿನವರೆಗೂ ಜೀವ ಹಿಡಿದಿದ್ದನೇನೋ ಎಂದರು ತಿಳಿದವರು.

ಬೈಯಬೇಕೆಂದೇ ಕೂತೆ. "ನಿನ್ನ ಫೋನಿಗೆ ಬೆಂಕಿ ಬೀಳ" ಎಂದು ಬರೆದು ಹೊಡೆದುಹಾಕಿದೆ. ನೀನು ಕೆಟ್ಟವನಲ್ಲ, ನನಗೆ ಹೊಟ್ಟೆ ಉರಿಯುತ್ತದೆ ಅಷ್ಟೇ. ತುಳಸು ಆ ಕಡಲನ್ನು ನೋಡಲಾರದೆ ಊರು ಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬನ ಕೈ ಹಿಡಿದಳು. ಆ ಸಂಸಾರದ ಕುಡಿ ನಾನು. ನನಗೂ ಅವಳದೇ ಹೆಸರು. ಬೊಮ್ಮಯ್ಯ ಮನೆಗೆ ಬಂದರೆ ನಾನು ಹುಟ್ಟುವುದಿಲ್ಲ. ಅಡ್ಡಿಲ್ಲ. ಆ ಅಳು ಕೇಳುತ್ತಲೇ ಬೆಳೆದಿದ್ದೇನೆ, ಇನ್ನು ಕೇಳಲಾರೆ.

ತಮಾ, ನಿನ್ನ ಹಿಂದಿನಿಂದ ಒಬ್ಬಳು ಏದುಸಿರು ಬಿಡುತ್ತ ಬರುತ್ತಾಳೆ. ಬದಿಗೆ ಹೋಗಿ ಎನ್ನಬೇಡ. ಫೋನು ಕಿಸೆಗೆ ಹಾಕು, ಪೊಲೀಸರಿಗೆ ಹೇಳಿ ಅವಳನ್ನು ಹಗ್ಗದ ಒಳಗೆ ಬಿಡಿಸು, ಗುಂಡನ್ನು ಒಂದ್ಸಲ ತಿರುಗಿಸಿ ನೋಡು. ನಿನ್ನ ಉತ್ತರ ನನಗೆ ಬೇಡ. ನಾಳೆ ಬೆಳಿಗ್ಗೆ ನಾನು ಇಲ್ಲಿ ಇನ್ನೂ ಇದ್ದರೆ, ನೀನು ಆ ಗುಂಡನ್ನು ತಿರುಗಿಸಲಿಲ್ಲ ಎಂದು ಅರ್ಥ.

ತುಳಸು
ತೇಲುಕೇರಿ