ಗೂಡಿನಲ್ಲಿಟ್ಟ ಗಂಗಾಳ

ಬ್ಯಾಡಗಿ
ಜನವರಿ ೧೯೯೭

ನಮ್ಮಣ್ಣನ ಜೀವದ ಗೆಳೆಯ ಫಕ್ರುದ್ದೀನಣ್ಣನಿಗೆ,

ಶ್ರಾವಣದಲ್ಲಿ ನಮ್ಮ ನಿಜಲಿಂಗಣ್ಣನ ಮಣ್ಣಿಗೆ ಬಂದ ನೀನು ಓಣಿಯ ತುದಿಯಲ್ಲೇ ನಿಂತೆ. ತಂದ ಹೂಮಾಲೆಯನ್ನು ಯಾರದೋ ಕೈಗೆ ಕೊಟ್ಟು ಹೊರಟುಹೋದೆ. ನಾನು ನೋಡಿದೆ, ಆದರೆ ಕೂಗಿ ಕರೆಯಲಿಲ್ಲ. ಅಂದು ಹೇಳಬೇಕಿದ್ದುದನ್ನು ಈಗ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನಲ್ಲಿ ನೀವಿಬ್ಬರೂ ಬೀಜದ ಅಂಗಡಿ ನಡೆಸುತ್ತಿದ್ದಾಗ ಅಣ್ಣ ಬ್ಯಾಡಗಿಯಿಂದ ಮುಂಜಾನೆಯ ರೈಲಿಗೆ ಬಂದರೆ ಮಧ್ಯಾಹ್ನದ ಊಟ ನಿಮ್ಮ ಮನೆಯಲ್ಲೇ. ನಿನ್ನ ತಾಯಿ ರಮಜಾನಬಿ ಮಾಂಸ ಮುಟ್ಟದ ಅವನಿಗೆಂದೇ ಉಣ್ಣಲು ಒಂದು ಹಿತ್ತಾಳೆ ಗಂಗಾಳ, ಬೇಯಿಸಲು ಒಂದು ಬೋಗುಣಿ ಕೊಂಡು ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದರು. ಹಬ್ಬದ ದಿನವೂ ಮೊದಲು ಅವನ ಬದನೆಕಾಯಿ ಪಲ್ಯ, ಆಮೇಲೆ ಮನೆಯ ಅಡುಗೆ. "ನಿನ್ನ ದೇವ್ರು ನಮ್ಮ ಒಲಿ ಮುಂದ ಕಾವಲು ಕುಂತಾನೋ ಮಾರಾಯ" ಎಂದು ನೀನು ಅವನನ್ನು ಕಾಡುತ್ತಿದ್ದೆಯಂತೆ.

ಒಂದು ಬೆಳಿಗ್ಗೆ ಅವನ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಬಾತು, ಹೊದಿಕೆಯ ಅಂಚು ತಾಗಿದರೂ ಚೀರುವಂತಾಯಿತು. "ಬೆರಳ ಮ್ಯಾಲೆ ಮೆಣಸಿನಕಾಯಿ ಒಣಾಹಾಕ್ಯಾರವ್ವ" ಎಂದು ನಗುತ್ತಿದ್ದ, ಕಣ್ಣಲ್ಲಿ ನೀರು. ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಯೂರಿಕ್ ಆಮ್ಲ ಏರಿದೆ, ಇದು ಗೌಟ್ ಎಂದರು. "ಮಾಂಸ, ದಾರೂ ಬಿಡ್ರಿ" ಎಂದರು.

ಅವ್ವನಿಗೆ ಅಷ್ಟೇ ಸಾಕಾಯಿತು. "ರೊಟ್ಟಿ ತಿನ್ನಾವಗ ಖಂಡ ತಿನ್ನೋರ ಬ್ಯಾನಿ ಹೆಂಗ ಬಂತೋ? ಲಿಂಗ ಮುಟ್ಟಿ ಆಣಿ ಮಾಡು." ತಿಂದಿಲ್ಲ ಎಂದ, ಆಣೆ ಮಾತ್ರ ಮಾಡಲಿಲ್ಲ. ಅವನು ಮಾಡದ ಆಣೆಯನ್ನೇ ಅವ್ವ ತಪ್ಪೊಪ್ಪಿಗೆ ಎಂದುಕೊಂಡಳು. ಮರುದಿನ ನಿಮ್ಮ ಹೊಸ್ತಿಲಲ್ಲಿ ನಿಂತು, ಮಗನಿಗೆ ಖಂಡ ಉಣಿಸಿದಿರೆಂದು ಅವಳು ಆಡಿದ್ದನ್ನು ನೀನೇ ಕೇಳಿದ್ದೀಯ. ನಿನ್ನ ತಾಯಿ ಗಂಗಾಳ ಇಳಿಸಿ ತಂದು, "ಇದರಾಗ ನಮ್ಮ ಮಕ್ಳೂ ಉಂಡಿಲ್ರಿ ಅಕ್ಕಾರ" ಎಂದರಂತೆ.

ಅಣ್ಣ ಅಂಗಡಿ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೇರಿದ. ಅವನೂ ನಿಮ್ಮನ್ನು ಅನುಮಾನಿಸಿದ ಎಂದು ನೀನು ತಿಳಿದೆ.

ಇಲ್ಲ ಅಣ್ಣಾ. ಮೂತ್ರಪಿಂಡ ಸೋತು ಅವನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಂದು ಆಣೆ ಯಾಕೆ ಮಾಡಲಿಲ್ಲ ಎಂದು ನಾನು ಕೇಳಿದೆ. "ಆಣಿ ಮಾಡಿದ್ರ ಆ ತಾಯಿ ಕೈಯಡಿಗಿ ಮ್ಯಾಲೆ ನಾನೂ ಸಂಶಯ ಪಟ್ಟಂಗ ಆಕ್ಕಿತ್ತು, ತಂಗಿ. ಅವ್ವ ಅಷ್ಟ ಅಂದು ಬಂದ ಮ್ಯಾಲೆ ಯಾವ ಮಾರಿ ಹೊತ್ತು ಅವರ ಮನಿಗೆ ಹೋಗ್ಲಿ?" ಕಾಲ ನೋವು ಬಂದು ಹೋಗುತ್ತಿತ್ತು. ಈ ನಾಚಿಕೆ ಹೋಗಲೇ ಇಲ್ಲ.

ಕಳೆದ ವಾರ ನನ್ನ ಹೆಬ್ಬೆರಳೂ ಬಾತಿತು. ಹಾವೇರಿಯ ಡಾಕ್ಟರು ಬಿಡಿಸಿ ಹೇಳಿದರು. ಯೂರಿಕ್ ಆಮ್ಲ ಎಲ್ಲರ ಮೈಯಲ್ಲೂ ಹುಟ್ಟುತ್ತದಂತೆ. ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿದ್ದರೆ ರಕ್ತದಲ್ಲಿ ಏರುತ್ತದೆ. ಏರಿದವರೆಲ್ಲರಿಗೂ ನೋವು ಬರುವುದಿಲ್ಲ, ಕೆಲವರಿಗೆ ಮಾತ್ರ ಹರಳುಗಟ್ಟಿ ಕೀಲಿನಲ್ಲಿ ಕೂರುತ್ತದೆ. ಮಾಂಸ, ಮದ್ಯ ಅದನ್ನು ಹೆಚ್ಚಿಸುತ್ತವೆ ನಿಜ, ಆದರೆ ಅವನ್ನು ಮುಟ್ಟದವರಿಗೂ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಅವ್ವನ ಬೆರಳ ಗಂಟುಗಳನ್ನು ಮುಟ್ಟಿ ನೋಡಿ, "ಇದು ನಿಮ್ಮ ಮನಿತನದಾಗ ಐತ್ರಿ" ಎಂದರು. ರೊಟ್ಟಿ ಬಡಿದು ಬಂದವು ಎಂದು ಅವಳು ಹೆಮ್ಮೆಪಡುತ್ತಿದ್ದ ಗಂಟುಗಳು ಅವು.

ಬಸ್ಸಿನಲ್ಲಿ ಅವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು. ಮೋಟೆಬೆನ್ನೂರು ದಾಟಿದ ಮೇಲೆ, "ಆಕಿ ಆ ಗಂಗಾಳ ಇನ್ನೂ ಇಟ್ಟಾಳೇನು ಕೇಳು. ಅದರಾಗ ಒಂದು ತುತ್ತು ಉಣಬೇಕು" ಎಂದಳು. ನಿನ್ನ ತಾಯಿ ತೀರಿಹೋದ ಸುದ್ದಿಯನ್ನು ಅಲ್ಲಿಯವರೆಗೆ ಅವಳಿಗೆ ಹೇಳಿರಲಿಲ್ಲ. ಹೇಳಿದೆ.

ರಂಜಾನ್ ಹಬ್ಬಕ್ಕೆ ಅವಳನ್ನು ಕರೆದುಕೊಂಡು ಬರುತ್ತೇನೆ. ಗಂಗಾಳ ಇದ್ದರೆ ಇಳಿಸಿಡು. ಒಳಗೆ ಕರೆಯಲು ಮನಸ್ಸಾಗದಿದ್ದರೆ ಬೇಡ ಅಣ್ಣಾ, ಅವ್ವ ಅಂದು ನಿಂತಿದ್ದ ಹೊಸ್ತಿಲಲ್ಲೇ ಇಬ್ಬರೂ ನಿಂತಿರುತ್ತೇವೆ.

ನಿನ್ನ ರೋಜಾ ಉಪವಾಸ ನೆಮ್ಮದಿಯಿಂದ ಸಾಗಲಿ. ರಮಜಾನಬಿ ತಾಯಿಯ ಮೇಲಿನ ಮಣ್ಣು ತಂಪಾಗಿರಲಿ.

ನಿಮ್ಮಿಬ್ಬರ ತಂಗಿ,
ಪ್ರೇಮವ್ವ